ಕಣಗಿಲೆ ಪತಂಗದ ಜಾಡು ಹಿಡಿಯುವುದು ಹೇಗೆ? ಖಾನಾಪುರದಿಂದ ಇಂಡಿಯವರೆಗೆ ಒಂದು ಮಾರ್ಗದರ್ಶಿ

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದರೆ ಕಣಗಿಲೆಗೆ ಆಡೂ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಎಲೆ, ಹೂವು, ಟೊಂಗೆ, ಬೇರು, ಎಲ್ಲವೂ ವಿಷ. ಅದರಲ್ಲಿರುವ ಒಲಿಯಾಂಡ್ರಿನ್‌ನಂಥ ರಾಸಾಯನಿಕಗಳು ಹೃದಯದ ಬಡಿತವನ್ನೇ ಕೆಡಿಸುತ್ತವೆ. ಇಂಥ ಗಿಡದ ಚಿಗುರನ್ನು ಹೊಟ್ಟೆತುಂಬ ತಿಂದು, ಬೆರಳುದ್ದ ಬೆಳೆದು, ಕೊನೆಗೆ ಹಸಿರು ಪತಂಗವಾಗಿ ಹಾರಿ ಹೋಗುವ ಒಂದು ಹುಳು ನಮ್ಮ ಗುಡಿಗಳ ಅಂಗಳದಲ್ಲೇ ಇದೆ. ಅದರ ಹೆಸರು ಕಣಗಿಲೆ ಹಾಕ್ ಮಾತ್. ವೈಜ್ಞಾನಿಕ ಹೆಸರು ಡಾಫ್ನಿಸ್ ನೀರಿಯೈ. 1758ರಲ್ಲಿ ಜೀವಶಾಸ್ತ್ರಜ್ಞ ಲಿನೇಯಸ್ ಇದನ್ನು ಹೆಸರಿಸಿದಾಗಲೇ ಕಣಗಿಲೆಯ ಹೆಸರನ್ನು (ನೀರಿಯಂ) ಇದಕ್ಕೆ ಅಂಟಿಸಿಬಿಟ್ಟ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಈ ಪತಂಗ ಎಲ್ಲೆಲ್ಲಿದೆ, ಯಾವ ಯಾವ ಗಿಡ ತಿನ್ನುತ್ತದೆ ಎಂದು ನೀವೇ ಹುಡುಕಿ ದಾಖಲಿಸುವುದು ಹೇಗೆ ಅನ್ನೋದು ಈ ಲೇಖನದ ವಿಷಯ. ಶಾಲೆಯ ಮಕ್ಕಳು, ಕಾಲೇಜು ವಿದ್ಯಾರ್ಥಿಗಳು, ಸಂಜೆ ವಾಕಿಂಗ್ ಹೋಗುವವರು, ಯಾರು ಬೇಕಾದರೂ ಮಾಡಬಹುದು. ಬೇಕಾಗುವುದು ಒಂದು ಮೊಬೈಲ್, ಒಂದು ಟಾರ್ಚ್, ಒಂದು ನೋಟ್‌ಬುಕ್. ತಾಳ್ಮೆ ಮಾತ್ರ ಸ್ವಲ್ಪ ಜಾಸ್ತಿ ಬೇಕು.

ದೊಡ್ಡ ನಕ್ಷೆ ಮೊದಲು ಗೊತ್ತಿರಲಿ

ಈ ಪತಂಗ ಆಫ್ರಿಕಾದಲ್ಲಿದೆ, ಭಾರತ ಮತ್ತು ಶ್ರೀಲಂಕಾದಲ್ಲಿದೆ, ಆಗ್ನೇಯ ಏಷ್ಯಾದಲ್ಲೂ ಇದೆ. ಮೆಡಿಟರೇನಿಯನ್ ಸಮುದ್ರದ ದಕ್ಷಿಣ ತೀರದ ಬಿಸಿ ಪ್ರದೇಶಗಳಲ್ಲೂ ಇರುತ್ತದೆ. ಬೇಸಿಗೆಯಲ್ಲಿ ಅಲ್ಲಿಂದ ಉತ್ತರಕ್ಕೆ ಹಾರಿ ಯುರೋಪ್ ಸೇರುತ್ತದೆ. ಅಪರೂಪಕ್ಕೆ ಬ್ರಿಟನ್‌ವರೆಗೂ ಹೋಗಿದ್ದಿದೆ. ಆದರೆ ಅಲ್ಲಿನ ಚಳಿಗಾಲ ತಡೆಯುವ ಶಕ್ತಿ ಇದಕ್ಕಿಲ್ಲ. 1974ರಲ್ಲಿ ಹವಾಯಿ ದ್ವೀಪಗಳಲ್ಲೂ ಕಾಣಿಸಿಕೊಂಡಿತು.

ಇದರಿಂದ ನಮ್ಮ ಕೆಲಸಕ್ಕೆ ಬೇಕಾದ ಒಂದು ಪಾಠ ಸಿಗುತ್ತದೆ. ಇದು ಬಲವಾದ ಹಾರಾಟಗಾರ. ರಾತ್ರಿ ಬೀದಿದೀಪದ ಕೆಳಗೆ ಒಂದು ಪತಂಗ ಸಿಕ್ಕಿತು ಅಂದರೆ ಅದು ಆ ಊರಲ್ಲೇ ಹುಟ್ಟಿದ್ದು ಅಂತ ಹೇಳಲು ಬರುವುದಿಲ್ಲ. ಹತ್ತಾರು ಕಿಲೋಮೀಟರ್ ಆಚೆಯಿಂದ ಬಂದಿರಬಹುದು. ಊರಿನಲ್ಲಿ ಸಂತಾನ ನಡೆಯುತ್ತಿದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಮೊಟ್ಟೆ, ಹುಳು ಅಥವಾ ಕೋಶ (ಹುಳು ಪತಂಗವಾಗುವ ಮೊದಲು ಅಲುಗದೆ ಇರುವ ಹಂತ). ಆದ್ದರಿಂದ ನನ್ನ ಸಲಹೆ ಸ್ಪಷ್ಟ: ಪತಂಗದ ಹಿಂದೆ ಓಡಬೇಡಿ. ಗಿಡದ ಹತ್ತಿರ ಹೋಗಿ.

ಮೊದಲ ಹೆಜ್ಜೆ: ಗಿಡಗಳನ್ನು ಗುರುತು ಹಿಡಿಯಿರಿ

ಕಣಗಿಲೆ ಮುಖ್ಯ ಗಿಡ. ನಮ್ಮ ಕಡೆ ಕಣಗಲ ಅಂತಲೂ ಕರೆಯುತ್ತೇವೆ. ಗುಡಿ, ಮಠ, ಶಾಲೆ, ಸರ್ಕಾರಿ ಕಚೇರಿಗಳ ಆವರಣದಲ್ಲಿ ಇಲ್ಲದ ಊರೇ ಕಡಿಮೆ. ಹೆದ್ದಾರಿಗಳ ನಡುವಿನ ವಿಭಜಕದಲ್ಲೂ ಸಾಲಾಗಿ ನೆಡುತ್ತಾರೆ. ಉದ್ದ, ಕಿರಿದಾದ, ಗಡುಸು ಎಲೆ. ಒಂದೊಂದು ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆ. ಗುಲಾಬಿ, ಬಿಳಿ ಅಥವಾ ಕೆಂಪು ಹೂವು. ಹಳದಿ ಗಂಟೆಯಂಥ ಹೂ ಬಿಡುವ ಹಳದಿ ಕಣಗಿಲೆ ಬೇರೆಯೇ ಗಿಡ. ಅದೂ ವಿಷದ್ದೇ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಮುಂದೆ ಆ ದಾಖಲೆಯಿಂದ ಯಾರಿಗೂ ಉಪಯೋಗವಿಲ್ಲ. ಬೇರೆ ಬೇರೆಯಾಗಿಯೇ ಬರೆಯಿರಿ.

ಎರಡನೆಯದು ನಂದಿಬಟ್ಟಲು. ಬೆಳಗಾವಿಯ ಹಳೆಯ ಬಡಾವಣೆಗಳ ಮನೆಯಂಗಳದಲ್ಲಿ, ಪೂಜೆಯ ಹೂವಿಗೆಂದು ಬೆಳೆಸಿದ ಪೊದೆಗಳಲ್ಲಿ ಹುಡುಕಲು ಇದು ಬಹಳ ಒಳ್ಳೆಯ ಗಿಡ. ಎಲೆ ಮೆತ್ತಗಿರುತ್ತದೆ, ಪೊದೆ ತುಂಬ ಎತ್ತರ ಇರುವುದಿಲ್ಲ, ಕೈಗೆ ಸಿಗುತ್ತದೆ. ಮೂರನೆಯದು ಸದಾಪುಷ್ಪ. ಕೆಲವರು ಕಾಶಿ ಕಣಗಿಲೆ ಅನ್ನುತ್ತಾರೆ. ಮಡಗಾಸ್ಕರ್ ಮೂಲದ ಈ ಪುಟ್ಟ ಗಿಡ ಈಗ ನಮ್ಮ ಹಿತ್ತಲಲ್ಲಿ, ಗಟಾರದ ಪಕ್ಕದಲ್ಲಿ ತಾನೇ ಹುಟ್ಟಿ ಬೆಳೆಯುತ್ತದೆ. ನಾಲ್ಕನೆಯದು ಕುಂಡದಲ್ಲಿ ಬೆಳೆಸುವ ಅಡೀನಿಯಂ. ಬಿಸಿಲು ಎಷ್ಟಿದ್ದರೂ ತಡೆಯುತ್ತದೆ ಅಂತ ವಿಜಯಪುರದ ಟೆರೇಸುಗಳಿಗೆ ಒಗ್ಗಿದ ಗಿಡ. ಇನ್ನು ಸಪ್ತಪರ್ಣಿ ಮರ. ಖಾನಾಪುರದ ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ, ಪಟ್ಟಣಗಳಲ್ಲಿ ರಸ್ತೆ ಬದಿಗೆ ನೆಡುತ್ತಾರೆ. ಒಂದೇ ಗೆಣ್ಣಿನ ಸುತ್ತ ಏಳರಂತೆ ಎಲೆ ಇರುವ ಮರ. ಮುಳ್ಳು ತುಂಬಿದ ಕವಳಿ ಪೊದೆಯನ್ನೂ ಬಿಡಬೇಡಿ. ಬೇಸಿಗೆಯಲ್ಲಿ ಕವಳಿ ಹಣ್ಣು ತಿಂದವರಿಗೆ ಆ ಗಿಡ ತೋರಿಸಿಕೊಡಬೇಕಾಗಿಲ್ಲ.

ಇವೆಲ್ಲ ಒಂದೇ ಸಸ್ಯ ಕುಟುಂಬದವು. ಈ ಕುಟುಂಬದ ಹಲವು ಗಿಡಗಳಲ್ಲಿ ಎಲೆ ಕಿತ್ತರೆ ಬಿಳಿ ಹಾಲು ಬರುತ್ತದೆ. ಆದರೆ ಹಾಲು ಬಂದ ಮಾತ್ರಕ್ಕೆ ಇದೇ ಕುಟುಂಬ ಅಂದುಕೊಳ್ಳಬೇಡಿ. ಆಲದ ಮರಕ್ಕೂ ಹಾಲಿದೆ, ಕಳ್ಳಿಗೂ ಇದೆ.

ಎರಡನೇ ಹೆಜ್ಜೆ: ಕಾಲ ಮತ್ತು ಜಾಗ ಆರಿಸಿ

ಈ ಹುಳುವಿಗೆ ಎಳೆ ಚಿಗುರು ಇಷ್ಟ. ಹಾಗಾಗಿ ಮಳೆ ಬಿದ್ದು ಗಿಡ ಚಿಗುರಿದ ಮೇಲೆ ಹುಡುಕಬೇಕು. ಆದರೆ ಮೂರೂ ಜಿಲ್ಲೆಗೆ ಒಂದೇ ಕ್ಯಾಲೆಂಡರ್ ನಡೆಯುವುದಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆ ಜುಲೈ, ಆಗಸ್ಟ್‌ನಲ್ಲಿ ಮಳೆ ಬಿಡುವುದೇ ಇಲ್ಲ. ಆಗ ಎಲೆ ತಿರುಗಿಸಿ ನೋಡುವುದೇ ಕಷ್ಟ. ಅಲ್ಲಿ ಜೂನ್ ಮೊದಲ ಮಳೆಯ ನಂತರ ಒಮ್ಮೆ, ಸೆಪ್ಟೆಂಬರ್ ಕೊನೆಯಿಂದ ಇನ್ನೊಮ್ಮೆ ನೋಡಿ. ಇಂಡಿ, ಸಿಂದಗಿ, ವಿಜಯಪುರದಲ್ಲಿ ಸೆಪ್ಟೆಂಬರ್ ಮಳೆಯೇ ದೊಡ್ಡದು. ಆಗಸ್ಟ್‌ನಿಂದ ನವೆಂಬರ್‌ವರೆಗೆ ಆ ಕಡೆ ಗಮನ ಕೊಡಿ. ಬಾದಾಮಿ, ಗೋಕಾಕ, ಸವದತ್ತಿ ಕಡೆಯವರು ಇವೆರಡರ ನಡುವಿನ ಲೆಕ್ಕ ಹಿಡಿಯಬಹುದು.

ಒಂದು ವಿಷಯ ಮಾತ್ರ ಎಲ್ಲ ಕಡೆಗೂ ಅನ್ವಯಿಸುತ್ತದೆ. ದಿನಾ ನೀರು ಹಾಕುವ ಅಂಗಳದ ಕಣಗಿಲೆ ಮಳೆಗೆ ಕಾಯುವುದಿಲ್ಲ. ಯಾರಾದರೂ ಟೊಂಗೆ ಕತ್ತರಿಸಿದ್ದರೆ ಅದರ ಬುಡದಿಂದ ಹೊಸ ಚಿಗುರು ಒಡೆಯುತ್ತದೆ. ಅಂಥ ಗಿಡವನ್ನು ಯಾವ ತಿಂಗಳಾದರೂ ಒಮ್ಮೆ ನೋಡಿ ಬನ್ನಿ.

ಜಾಗದ ವಿಷಯದಲ್ಲಿ ಎರಡು ಎಚ್ಚರಿಕೆ. ಹೆದ್ದಾರಿ ವಿಭಜಕದಲ್ಲಿ ಎಷ್ಟೇ ಕಣಗಿಲೆ ಇದ್ದರೂ ಅಲ್ಲಿ ಇಳಿದು ಹುಡುಕಬೇಡಿ. ಪಕ್ಕದ ಢಾಬಾದ ಅಂಗಳದಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ಅದೇ ಗಿಡ ಇರುತ್ತದೆ, ಕೇಳಿಕೊಂಡು ನೋಡಿ. ಭೀಮಗಡ ವನ್ಯಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ. ಜಾಂಬೋಟಿ ಕಡೆಯ ಊರುಗಳ ಅಂಚಿನಲ್ಲೇ ನೋಡಲು ಸಾಕಷ್ಟು ಗಿಡಗಳಿವೆ.

ಮೂರನೇ ಹೆಜ್ಜೆ: ಕೆಳಗಿನಿಂದ ಮೇಲಕ್ಕೆ ನೋಡಿ

ಬಂದವರೆಲ್ಲ ಮೊದಲು ಎಲೆ ನೋಡುತ್ತಾರೆ. ಮೊದಲು ನೆಲ ನೋಡಿ. ಹುಳು ಹಸಿರು, ಎಲೆ ಹಸಿರು, ಹಗಲಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಅದರ ಹಿಕ್ಕೆ ಅಡಗಿರಲು ಸಾಧ್ಯವಿಲ್ಲ. ಬಲಿತ ಹುಳುವಿನ ಹಿಕ್ಕೆ ಕಾಳಿನ ಗಾತ್ರ ಇರುತ್ತದೆ, ಮೇಲೆ ಉದ್ದುದ್ದ ಗೆರೆ ಕೊರೆದಂತೆ ಇರುತ್ತದೆ. ಸಿಮೆಂಟ್ ಕಟ್ಟೆಯ ಮೇಲೆ, ಗುಡಿಸಿದ ಅಂಗಳದಲ್ಲಿ ತಟ್ಟನೆ ಕಾಣುತ್ತದೆ. ಹಸಿಯಾಗಿದ್ದರೆ ಹುಳು ಸರಿಯಾಗಿ ಅದರ ಮೇಲಿನ ಟೊಂಗೆಯಲ್ಲೇ ಇದೆ ಅಂತ ತಿಳಿಯಿರಿ.

ಆಮೇಲೆ ಟೊಂಗೆಯ ತುದಿ ನೋಡಿ. ತುದಿಯ ಎಲೆಗಳು ನಡುನರದವರೆಗೂ ಮಾಯವಾಗಿ ಬರೀ ಕಡ್ಡಿ ಉಳಿದಿದ್ದರೆ ಅಲ್ಲಿಂದ ಕೆಳಕ್ಕೆ ಒಂದೊಂದೇ ಎಲೆ ತಿರುಗಿಸುತ್ತಾ ಬನ್ನಿ. ಮೊಟ್ಟೆ ಹುಡುಕುವವರು ಎಳೆ ಎಲೆಗಳ ಮೇಲ್ಗಡೆ, ಕೆಳಗಡೆ ಎರಡೂ ನೋಡಬೇಕು. ಒಂದೊಂದೇ ಬಿಡಿ ಮೊಟ್ಟೆ, ತಿಳಿ ಹಸಿರು ಬಣ್ಣ, ಸುಮಾರು ಒಂದೂವರೆ ಮಿಲಿಮೀಟರ್. ಗುಂಪು ಗುಂಪಾಗಿ ಮೊಟ್ಟೆ ಕಂಡರೆ ಅದು ಬೇರೆ ಕೀಟದ್ದು.

ಬಲಿತ ಹುಳು ಹಗಲಲ್ಲಿ ಅಡಗಿರುವುದು ಜಾಸ್ತಿ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋದರೆ ತಿನ್ನುತ್ತಿರುವಾಗಲೇ ಸಿಗಬಹುದು. ಕಣಗಿಲೆ ಬುಡದ ಒಣ ಎಲೆಗೆ ಕೈ ಹಾಕುವ ಮೊದಲು ಕೋಲಿನಿಂದ ಸರಿಸಿ ನೋಡಿ. ಹಾವು, ಚೇಳು ಇರುವ ಸೀಮೆ ನಮ್ಮದು.

ನಾಲ್ಕನೇ ಹೆಜ್ಜೆ: ಇದೇ ಹುಳು ಹೌದಾ?

ಮರಿ ಹುಳು ಹಳದಿ ಮಿಶ್ರಿತ ಹಸಿರು. ಬಾಲದ ಕಡೆ ಉದ್ದವಾದ, ತೆಳ್ಳಗಿನ ಕಪ್ಪು ಕೊಂಬು ಇರುತ್ತದೆ. ಬಲಿಯುತ್ತಾ ಹೋದಂತೆ ಆ ಕೊಂಬು ಗಿಡ್ಡವಾಗಿ, ಉಬ್ಬಿ, ಕಿತ್ತಳೆ ಬಣ್ಣಕ್ಕೆ ತಿರುಗಿ ಕೆಳಕ್ಕೆ ಬಾಗುತ್ತದೆ. ಪಕ್ಕೆಯಲ್ಲಿ ಉದ್ದಕ್ಕೂ ಬಿಳಿ ಗೆರೆ, ಅದರ ಸುತ್ತ ಸಣ್ಣ ಸಣ್ಣ ಬಿಳಿ ಚುಕ್ಕೆ. ತಲೆಯ ಹಿಂದೆ ಎರಡು ನೀಲಿ ಕಣ್ಣುಗಳಿರುವಂತೆ ಕಾಣುತ್ತದೆ. ಅವು ಕಣ್ಣಲ್ಲ, ಕಣ್ಣಿನಂಥ ಮಚ್ಚೆ. ಮುಟ್ಟಿದರೆ ಹುಳು ತಲೆಯನ್ನು ಒಳಕ್ಕೆಳೆದು ಆ ಭಾಗ ಉಬ್ಬಿಸುತ್ತದೆ. ಆಗ ಮಚ್ಚೆಗಳು ಇನ್ನೂ ದೊಡ್ಡದಾಗಿ ಕಾಣುತ್ತವೆ. ನೋಡಿದವರು ಹೆದರುತ್ತಾರೆ, ಕೆಲವರು ಕಲ್ಲಿನಿಂದ ಜಜ್ಜುತ್ತಾರೆ. ದಯವಿಟ್ಟು ಬೇಡ. ಆ ಕೊಂಬು ಚುಚ್ಚುವುದಿಲ್ಲ, ಹುಳು ಕಚ್ಚುವುದಿಲ್ಲ, ಮೈಮೇಲೆ ಕೂದಲೇ ಇಲ್ಲದ್ದರಿಂದ ಕಂಬಳಿಹುಳುವಿನಂತೆ ತುರಿಕೆಯೂ ಇಲ್ಲ. ಪೂರ್ತಿ ಬೆಳೆದಾಗ ಏಳೆಂಟು ಸೆಂಟಿಮೀಟರ್ ಇರುತ್ತದೆ. ಕೋಶವಾಗುವ ಮೊದಲು ಹಸಿರು ಹೋಗಿ ಕಂದು, ನೇರಳೆ ಬಣ್ಣಕ್ಕೆ ತಿರುಗಿ, ಗಿಡ ಇಳಿದು ನೆಲದ ಮೇಲೆ ಓಡಾಡುತ್ತದೆ. ಇದನ್ನು ಬೇರೆ ಹುಳು ಅಂತ ತಿಳಿಯುವವರು ಬಹಳ.

ಪತಂಗದ ಗುರುತು ಸುಲಭ. ರೆಕ್ಕೆ ಬಿಡಿಸಿದರೆ ಒಂಬತ್ತರಿಂದ ಹನ್ನೊಂದು ಸೆಂಟಿಮೀಟರ್ ಅಗಲ. ಕಡು ಹಸಿರು, ತಿಳಿ ಹಸಿರು, ನಡುವೆ ಬಿಳಿ ಮತ್ತು ನಸುಗುಲಾಬಿ ಪಟ್ಟಿಗಳು. ಬೆಳಗಾವಿಯ ಮರಾಠಾ ರೆಜಿಮೆಂಟ್ ಸೈನಿಕರ ಸಮವಸ್ತ್ರ ನೋಡಿದವರಿಗೆ ಆ ಬಣ್ಣಗಾರಿಕೆ ಥಟ್ಟನೆ ಹೊಳೆಯುತ್ತದೆ. ಮುಸ್ಸಂಜೆಗೆ ಮಲ್ಲಿಗೆಯಂಥ ಪರಿಮಳದ ಹೂವುಗಳ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ.

ಕಣಗಿಲೆಯ ಮೇಲೆ ಇನ್ನೂ ಕೆಲವರಿದ್ದಾರೆ. ಬೆನ್ನ ಮೇಲೆ ನಾಲ್ಕು ಜೋಡಿ ಉದ್ದನೆಯ ಕಪ್ಪು ಎಳೆಗಳಿರುವ ಕಂದು ಹುಳು ಕಾಮನ್ ಕ್ರೋ ಎಂಬ ಚಿಟ್ಟೆಯದು. ಅದರ ಕೋಶ ಬೆಳ್ಳಿಯಂತೆ ಹೊಳೆಯುತ್ತಾ ಎಲೆಯಡಿ ನೇತಾಡುತ್ತದೆ. ಚಿಗುರಿನ ಮೇಲೆ ಹಳದಿ ಪುಡಿಯಂತೆ ಅಂಟಿಕೊಂಡಿರುವುದು ಸಸ್ಯಹೇನು. ಎಕ್ಕೆ ಗಿಡದ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಸಿಕ್ಕರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಬಾಲದಲ್ಲಿ ಕೊಂಬಿರುವ ಹುಳುಗಳೂ ಬೇರೆ ಬೇರೆ ಇವೆ. ಬೆಳಗಾವಿ ಸುತ್ತಲಿನ ಗೆಣಸಿನ ಹೊಲದಲ್ಲಿ ಸಿಗುವುದು ಒಂದು ಜಾತಿ, ಎಳ್ಳಿನ ಹೊಲದಲ್ಲಿ ಇನ್ನೊಂದು, ವಿಜಯಪುರದ ದ್ರಾಕ್ಷಿ ಬಳ್ಳಿಯಲ್ಲಿ ಮತ್ತೊಂದು. ಎಲ್ಲವೂ ಹಾಕ್ ಮಾತ್‌ಗಳೇ, ಆದರೆ ನಾವು ಹುಡುಕುವುದು ಇವನ್ನಲ್ಲ.

ಐದನೇ ಹೆಜ್ಜೆ: ಹುಳು ಕೂತ ಗಿಡವೆಲ್ಲ ಅದರ ಆಹಾರ ಗಿಡವಲ್ಲ

ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಆಹಾರ ಗಿಡಗಳ ಪಟ್ಟಿಗಳು ಉದ್ದವಾಗುವುದು ಹೀಗೆ ನೋಡಿ: ಕೋಶವಾಗಲು ಜಾಗ ಹುಡುಕುತ್ತಾ ಹೊರಟ ಹುಳು ಪಕ್ಕದ ದಾಸವಾಳ ಹತ್ತಿರುತ್ತದೆ. ಯಾರೋ ಫೋಟೊ ತೆಗೆದು ದಾಸವಾಳವೂ ಇದರ ಆಹಾರ ಅಂತ ಬರೆಯುತ್ತಾರೆ. ಅದನ್ನು ಮತ್ತೊಬ್ಬರು ನಕಲು ಮಾಡುತ್ತಾರೆ. ಒಮ್ಮೆ ಪಟ್ಟಿಗೆ ಸೇರಿದ ಗಿಡವನ್ನು ತೆಗೆಸುವುದು ಬಹಳ ಕಷ್ಟ.

ಅದಕ್ಕೇ ನೋಟ್‌ಬುಕ್‌ನಲ್ಲಿ ಸಾಕ್ಷಿಯ ಮಟ್ಟ ಬರೆಯಿರಿ. ಹುಳು ಗಿಡದ ಮೇಲೆ ಕೂತಿತ್ತು ಅಷ್ಟೇ ಎಂದಾದರೆ ‘ಕೂತಿತ್ತು’ ಎಂದು ಬರೆಯಿರಿ. ಎಲೆ ತಿನ್ನುವುದನ್ನು ಕಣ್ಣಾರೆ ಕಂಡಿದ್ದರೆ ‘ತಿಂದಿತು’. ಅದೇ ಗಿಡದ ಎಲೆ ತಿಂದು ಬೆಳೆದು, ಕೋಶವಾಗಿ, ಪತಂಗವಾಗಿ ಹೊರಬಂದಿದ್ದರೆ ‘ಪೂರ್ತಿ ಬೆಳೆಯಿತು’. ಆಹಾರ ಗಿಡ ಎಂದು ಧೈರ್ಯವಾಗಿ ಹೇಳುವುದು ಈ ಮೂರನೆಯದನ್ನು ಕಂಡಾಗ. ಮೊಟ್ಟೆ ಕಂಡರೂ ಇದೇ ಎಚ್ಚರ ಬೇಕು. ತಾಯಿ ಪತಂಗ ಮೊಟ್ಟೆಯಿಟ್ಟ ಗಿಡದಲ್ಲಿ ಮರಿ ಬದುಕಲೇಬೇಕು ಅಂತ ಏನಿಲ್ಲ ಅಲ್ವಾ?

ಈ ಕಷ್ಟದ ದಾರಿಯನ್ನು ನಮ್ಮ ಪಕ್ಕದ ಜಿಲ್ಲೆಯಲ್ಲೇ ಒಬ್ಬರು ನೂರು ವರ್ಷದ ಹಿಂದೆ ಹಿಡಿದಿದ್ದರು. ಟಿ. ಆರ್. ಬೆಲ್ ಅರಣ್ಯಾಧಿಕಾರಿಯಾಗಿ ಬಂದು, ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು, 1948ರಲ್ಲಿ ಅಲ್ಲೇ ತೀರಿಕೊಂಡರು. ಹುಳುಗಳನ್ನು ಸಾಕಿ, ಯಾವುದು ಏನು ತಿಂದು ಬೆಳೆಯುತ್ತದೆ ಎಂದು ನೋಡಿ ಬರೆದಿಡುವುದು ಅವರ ಜೀವನದ ಕೆಲಸವಾಗಿತ್ತು. ಭಾರತದ ಹಾಕ್ ಮಾತ್‌ಗಳ ಬಗ್ಗೆ ಅವರು ಸ್ಕಾಟ್ ಎಂಬುವರ ಜೊತೆ ಬರೆದ ಸಂಪುಟ 1937ರಲ್ಲಿ ಬಂತು. ಇವತ್ತಿಗೂ ಆಹಾರ ಗಿಡಗಳ ಮಾತು ಬಂದರೆ ಅದನ್ನು ತೆರೆದು ನೋಡುತ್ತಾರೆ. ಘಟ್ಟದ ಆ ಕಡೆಗೆ ಅಷ್ಟು ಆಗಿದೆ. ಈ ಕಡೆಯ ಬಯಲುಸೀಮೆಗೂ ಅಂಥ ಶ್ರದ್ಧೆ ಬೇಕು ಅನ್ನೋದು ನನ್ನ ಆಸೆ.

ಆರನೇ ಹೆಜ್ಜೆ: ಸಾಕಿ ನೋಡುವುದು

ಮೊದಲು ಸುರಕ್ಷತೆ. ಕಣಗಿಲೆ ಎಲೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂಡಬೇಡಿ, ಕಣ್ಣು ಉಜ್ಜಬೇಡಿ. ಮಕ್ಕಳು ಮಾಡುವುದಾದರೆ ದೊಡ್ಡವರು ಜೊತೆಗಿರಲಿ. ಉಳಿದ ಎಲೆ, ಟೊಂಗೆಯನ್ನು ದನದ ಗೋದಲಿಯ ಹತ್ತಿರ ಎಸೆಯಬೇಡಿ. ಒಣಗಿದ ಮೇಲೂ ವಿಷ ಹೋಗುವುದಿಲ್ಲ. ಒಲೆಗೆ ಹಾಕಿ ಸುಡುವುದೂ ಬೇಡ, ಹೊಗೆಯೂ ಕೆಟ್ಟದ್ದು. ಮಣ್ಣಲ್ಲಿ ಹೂಳಿ. ಯಾರಾದರೂ ಎಲೆ ನುಂಗಿದರೆ ಮನೆಮದ್ದು ಮಾಡುತ್ತಾ ಕೂಡದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ನಂದಿಬಟ್ಟಲು ಹತ್ತಿರದಲ್ಲಿ ಇದ್ದರೆ ಆ ಗಿಡದ ಹುಳುವನ್ನೇ ಸಾಕಲು ಆರಿಸಿಕೊಳ್ಳಿ, ಶಾಲೆಗಳಿಗೆ ಅದು ಮೇಲು.

ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ಪೇಪರ್ ಹಾಸಿ, ಬಾಯಿಗೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿ. ಒಂದು ಡಬ್ಬಿಗೆ ಒಂದೇ ಹುಳು ಸಾಕು. ಟೊಂಗೆ ಬಾಡದಂತೆ ನೀರಿನ ಸಣ್ಣ ಬಾಟಲಿಯಲ್ಲಿಟ್ಟರೆ ಬಾಟಲಿಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳು ಇಳಿದು ಮುಳುಗುತ್ತದೆ. ದಿನಾ ಹಿಕ್ಕೆ ತೆಗೆಯಿರಿ, ಎಲೆ ಬದಲಾಯಿಸಿ. ತೇವ ಜಾಸ್ತಿಯಾದರೆ ಬೂಸು ಬಂದು ಹುಳು ಸಾಯುತ್ತದೆ. ಯಾವ ಗಿಡದಲ್ಲಿ ಸಿಕ್ಕಿತೋ ಅದೇ ಗಿಡದ ಎಲೆಯನ್ನೇ ಕೊನೆಯವರೆಗೂ ಕೊಡಿ. ಕಣಗಿಲೆಯ ಹುಳುವಿಗೆ ಮಧ್ಯದಲ್ಲಿ ಸದಾಪುಷ್ಪ ಕೊಟ್ಟರೆ ನಿಮ್ಮ ದಾಖಲೆ ಯಾವ ಗಿಡದ್ದು ಅಂತಲೇ ತಿಳಿಯುವುದಿಲ್ಲ. ಔಷಧ ಸಿಂಪಡಿಸಿದ ಗಿಡದ ಎಲೆಯಂತೂ ಬೇಡವೇ ಬೇಡ.

ಬೆಚ್ಚಗಿನ ದಿನಗಳಲ್ಲಿ ಹುಳುವಿನ ಹಂತ ಎರಡು ಮೂರು ವಾರ ನಡೆಯುತ್ತದೆ. ಬಣ್ಣ ಕಂದಾಗಿ ಓಡಾಟ ಶುರುವಾದ ಕೂಡಲೇ ತಳಕ್ಕೆ ಸ್ವಲ್ಪ ಮಣ್ಣು, ಮೇಲೆ ಒಣ ಎಲೆ ಹಾಕಿ. ಎಲೆಗಳ ನಡುವೆ ಸಡಿಲವಾಗಿ ನೂಲು ನೇಯ್ದು ಅಲ್ಲೇ ಕೋಶವಾಗುತ್ತದೆ. ಅದನ್ನು ತೆಗೆದು ಎಲ್ಲರಿಗೂ ತೋರಿಸುತ್ತಾ ಕೂಡಬೇಡಿ. ಸುಮಾರು ಎರಡು ವಾರಕ್ಕೆ ಪತಂಗ ಬರುತ್ತದೆ. ಹೊರಬಂದ ಪತಂಗಕ್ಕೆ ಹತ್ತಿ ನೇತಾಡಲು ಒರಟು ಕಡ್ಡಿ ಅಥವಾ ಬಟ್ಟೆ ಇರಲೇಬೇಕು. ಇಲ್ಲದಿದ್ದರೆ ರೆಕ್ಕೆ ಬಿಚ್ಚದೆ ಮುದುಡಿ ಒಣಗಿಬಿಡುತ್ತದೆ. ರೆಕ್ಕೆ ಗಟ್ಟಿಯಾದ ಮೇಲೆ, ಮುಸ್ಸಂಜೆಗೆ, ಹುಳು ಸಿಕ್ಕ ಜಾಗದಲ್ಲೇ ಬಿಡಿ. ಕೆಲವು ಸಲ ಪತಂಗದ ಬದಲು ನೊಣವೋ ಸಣ್ಣ ಕಣಜವೋ ಹೊರಬರುತ್ತದೆ. ಅವು ಹುಳುವಿನ ಒಳಗೆ ಬೆಳೆದ ಪರಾವಲಂಬಿಗಳು. ಬೇಸರ ಮಾಡಿಕೊಳ್ಳದೆ ಫೋಟೊ ತೆಗೆದು ಬರೆದಿಡಿ, ಅದೂ ಬೆಲೆಯುಳ್ಳ ಮಾಹಿತಿ.

ಏಳನೇ ಹೆಜ್ಜೆ: ಬರೆದಿಡಿ, ಸಿಗದಿದ್ದರೂ ಬರೆದಿಡಿ

ದಿನಾಂಕ, ಊರು, ತಾಲ್ಲೂಕು, ಗಿಡ, ಹುಳುವಿನ ಹಂತ, ಎಷ್ಟು ಸಿಕ್ಕವು, ಸಾಕ್ಷಿಯ ಮಟ್ಟ. ಇಷ್ಟು ಸಾಕು. ಹುಳುವಿನ ಫೋಟೊ ಒಂದೇ ಸಾಲದು, ಗಿಡದ ಎಲೆ ಮತ್ತು ಹೂವಿನ ಫೋಟೊ ಕೂಡ ಬೇಕು. ಗಿಡ ಯಾವುದೆಂದು ತಿಳಿಯದಿದ್ದರೆ ಊರಿನ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೋ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗರಿಗೋ ತೋರಿಸಿ.

ಹುಡುಕಿ ಸಿಗದ ದಿನವನ್ನೂ ಬರೆಯಿರಿ. ‘ಇಂಡಿ, ಗುಡಿ ಆವರಣ, ಕಣಗಿಲೆ 4 ಗಿಡ, ಚಿಗುರಿದೆ, ಹುಳು ಇಲ್ಲ, ಹಿಕ್ಕೆ ಇಲ್ಲ’ ಎಂಬ ಸಾಲಿಗೆ ಬಹಳ ಬೆಲೆಯಿದೆ. ನಕ್ಷೆಯಲ್ಲಿ ಖಾಲಿ ಇರುವ ಜಾಗ ಹುಳು ಇಲ್ಲದ ಜಾಗವೋ, ಯಾರೂ ನೋಡದ ಜಾಗವೋ ಎಂಬುದು ಇಂಥ ಸಾಲುಗಳಿಂದಲೇ ಗೊತ್ತಾಗುವುದು. ಈಗ ಅಂತರ್ಜಾಲದ ನಕ್ಷೆಗಳಲ್ಲಿ ಚುಕ್ಕೆಗಳು ಜಾಸ್ತಿ ಇರುವುದು ಜನ ಜಾಸ್ತಿ ಫೋಟೊ ಹಾಕುವ ಊರುಗಳಲ್ಲಿ. ಅದನ್ನು ನೋಡಿ ‘ಬಯಲುಸೀಮೆಯಲ್ಲಿ ಈ ಪತಂಗ ಕಡಿಮೆ’ ಅಂತ ತೀರ್ಮಾನಿಸುವುದು ಸರಿಯಲ್ಲ.

ದಾಖಲೆಗಳನ್ನು ಐನ್ಯಾಚುರಲಿಸ್ಟ್ ಆ್ಯಪ್‌ಗೋ ಮಾತ್ಸ್ ಆಫ್ ಇಂಡಿಯಾ ಜಾಲತಾಣಕ್ಕೋ ಸೇರಿಸಿ. ಟಿಪ್ಪಣಿ ಬರೆಯುವಲ್ಲಿ ಗಿಡದ ಹೆಸರು ಮತ್ತು ಸಾಕ್ಷಿಯ ಮಟ್ಟ ಬರೆಯಲು ಮರೆಯಬೇಡಿ. 2012ರಿಂದ ಪ್ರತಿ ಜುಲೈ ಕೊನೆಯ ಹೊತ್ತಿಗೆ ಪತಂಗ ಸಪ್ತಾಹ ನಡೆಯುತ್ತದೆ. ಬಿಳಿ ಬಟ್ಟೆ ಕಟ್ಟಿ, ಬಲ್ಬ್ ಹಾಕಿ ರಾತ್ರಿ ಪತಂಗ ನೋಡುತ್ತಾರೆ. ಅದನ್ನೂ ಮಾಡಿ, ಮಕ್ಕಳಿಗೆ ಖುಷಿಯಾಗುತ್ತದೆ. ಬೆಳಕಿಗೆ ಬಂದ ಪತಂಗವನ್ನು ‘ಬೆಳಕಿಗೆ ಬಂತು’ ಎಂದೇ ಬರೆಯಿರಿ.

ಮೂರು ಜಿಲ್ಲೆಗಳಲ್ಲಿ ಗೆಳೆಯರಿದ್ದರೆ ಒಂದೇ ವಾರ ಎಲ್ಲರೂ ಹುಡುಕಿ. ಖಾನಾಪುರದವರು ಸಪ್ತಪರ್ಣಿ ಮತ್ತು ಕವಳಿ, ಬಾದಾಮಿಯವರು ಗುಡ್ಡದ ಕವಳಿ ಮತ್ತು ಊರೊಳಗಿನ ಕಣಗಿಲೆ, ಬಾಗಲಕೋಟೆ ನವನಗರದವರು ಮನೆಯಂಗಳದ ನಂದಿಬಟ್ಟಲು, ವಿಜಯಪುರದವರು ಟೆರೇಸಿನ ಅಡೀನಿಯಂ. ಕಾಡಿನ ಗಿಡ ಕಡಿಮೆಯಾಗುತ್ತಾ ಬಂದಂತೆ ಈ ಪತಂಗ ನಾವು ನೆಟ್ಟ ಗಿಡಗಳನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದಕ್ಕೆ ಉತ್ತರ ಸಿಗುವುದು ಈ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ.

ಮನೆಯವರು ಔಷಧ ಹೊಡೆಯಲು ಹೊರಟರೆ ಎರಡು ಮಾತು ಹೇಳಿ. ಬಲಿತ ಕಣಗಿಲೆ ಎಲೆ ಕಳೆದುಕೊಂಡರೂ ಮತ್ತೆ ಚಿಗುರುತ್ತದೆ. ಗಿಡ ತೀರಾ ಎಳೆಯದಾಗಿದ್ದರೆ ಹುಳುವನ್ನು ಎಲೆ ಸಮೇತ ಕಿತ್ತು ಅದೇ ಜಾತಿಯ ದೊಡ್ಡ ಗಿಡಕ್ಕೆ ಬಿಟ್ಟರೆ ಆಯಿತು.